25 ಮೈಕ್ರಾನ್ ಮಲ್ಚಿಂಗ್ ಪೇಪರ್: ಎರಡು ಬೆಳೆ ತೆಗೆಯುವ ತೋಟಕ್ಕೆ ಸರಿ, ಮಳೆ ನಂಬಿದ ಬೆದ್ದಲಿಗೆ ಬೇಡ

ನಾಲ್ಕು ಅಡಿ ಅಗಲ, 400 ಮೀಟರ್ ಉದ್ದ, ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ಟೊಮೆಟೊ ಇಡುವವರಿಗೆಲ್ಲ ಪರಿಚಯವಿರುವ ಪೇಪರ್ ಇದು. ಹೆಸರಿಗೆ ಪೇಪರ್, ಅಸಲಿಗೆ ಬೆಡ್ಡಿನ (ಏರಿಸಿದ ಮಣ್ಣಿನ ಸಾಲಿನ) ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ. 20, 25, 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದಲ್ಲಿ ಸಿಗುತ್ತದೆ. ನಮ್ಮ ಶಿಫಾರಸು 25. ಆದರೆ ಅದಕ್ಕೊಂದು ಷರತ್ತಿದೆ: ಅದೇ ಬೆಡ್ಡಿನ ಮೇಲೆ ಎರಡನೇ ಬೆಳೆ ತೆಗೆಯುವಷ್ಟು ನೀರಿರಬೇಕು.

ಮೊದಲು ತೂಕ ನೋಡಿ. ರೋಲಿನ ಮೇಲೆ ಬರೆದ ಮೈಕ್ರಾನ್ ನಿಜವೋ ಸುಳ್ಳೋ ಎಂದು ಕೈಯಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಹಾಕಿದರೆ ಗೊತ್ತಾಗುತ್ತದೆ. ಒಳಗಿನ ರಟ್ಟಿನ ಕೊಳವೆ ಬಿಟ್ಟು, 1.2 ಮೀಟರ್ ಅಗಲದ 400 ಮೀಟರ್ ರೋಲು 25 ಮೈಕ್ರಾನ್ ಆದರೆ ಸುಮಾರು 11 ಕೆಜಿ ತೂಗಬೇಕು. 20 ಆದರೆ 9 ಕೆಜಿ, 30 ಆದರೆ 13 ಕೆಜಿ ದಾಟಬೇಕು. 25 ಎಂದು ಬರೆದ ರೋಲು 9 ಕೆಜಿ ಬಂದರೆ ಒಂದೋ ದಪ್ಪ ಕಡಿಮೆ, ಇಲ್ಲವೇ ಉದ್ದ ಕಡಿಮೆ. ಆರು ಅಡಿಗೊಂದು ಸಾಲು ಇಟ್ಟರೆ ಎಕರೆಗೆ 2,200 ಮೀಟರ್ ಆಗುತ್ತದೆ, ಅಂದರೆ ಐದೂವರೆ ರೋಲು. ಐದು ಅಡಿ ಸಾಲಾದರೆ ಏಳು ರೋಲು ಬೇಕು.

ಈಗ ಷರತ್ತಿನ ಮಾತು. ವರ್ಷಕ್ಕೆ ಒಂದು ಬೆಳೆ ತೆಗೆದರೆ ಬೆಳೆ ಸಾಂದ್ರತೆ (ಒಂದೇ ನೆಲ ವರ್ಷಕ್ಕೆ ಎಷ್ಟು ಬೆಳೆ ಕೊಟ್ಟಿತು ಎಂಬ ಶೇಕಡಾ ಲೆಕ್ಕ) ನೂರು, ಅದೇ ನೆಲದಲ್ಲಿ ಎರಡು ತೆಗೆದರೆ ಇನ್ನೂರು. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ, ಮಳೆಯೂ ಹೆಚ್ಚಿಲ್ಲ. ಆದರೂ ಕೊಳವೆಬಾವಿ ಇರುವ ಎಕರೆಯಲ್ಲಿ ಟೊಮೆಟೊ ಮುಗಿದ ಮೇಲೆ ಅದೇ ಕೋಲು, ಅದೇ ತಂತಿಗೆ ಹೀರೆಯೋ ಬೀನ್ಸೋ ಹಬ್ಬುತ್ತದೆ. ಬದುವಿನ ಆಚೆಗಿನ ಬೆದ್ದಲಿನಲ್ಲಿ ರಾಗಿ ಒಂದೇ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ಎರಡೂ ಕಡೆ ಮಣ್ಣು ಅದೇ ಕೆಂಪು ಮಣ್ಣು, ಮಳೆಯೂ ಅದೇ. ವ್ಯತ್ಯಾಸವೆಲ್ಲ ಬೋರಿನ ನೀರಿನದು, ಬೆಂಗಳೂರು, ಚೆನ್ನೈ ಕಡೆಗೆ ಲಾರಿ ಹೊರಡುವ ಕೋಲಾರದ ಮಾರುಕಟ್ಟೆಯದು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆಯ) ಸಂಸ್ಕರಿಸಿದ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆ ಬಿಟ್ಟ ನೀರು. ಕೆರೆಗೇ ಮೋಟರ್ ಇಟ್ಟು ಡ್ರಿಪ್‌ಗೆ ಬಿಡಬೇಡಿ, ಪಾಚಿ ಕಟ್ಟುತ್ತದೆ.

ತುಮಕೂರು ಜಿಲ್ಲೆಯಲ್ಲಿ ಲೆಕ್ಕವೇ ಬೇರೆ. ತಿಪಟೂರಿನ ತೆಂಗು, ಗುಬ್ಬಿಯ ಅಡಿಕೆ ತೋಟಗಳಿಗೆ ಈ ಪೇಪರ್ ಕೆಲಸವಿಲ್ಲ, ಗರಿ ಮುಚ್ಚಿಗೆಯೇ ಉತ್ತಮ. ಅಂಕಿಅಂಶದಲ್ಲಿ ತೆಂಗು ಒಂದೇ ಬೆಳೆ ಎಂದು ದಾಖಲಾಗುವುದರಿಂದ ಅಲ್ಲಿನ ನೆಲ ಸುಮ್ಮನೆ ಬಿದ್ದಿದೆ ಎನ್ನಿಸಬಹುದು, ಅದು ತಪ್ಪು. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಹಿಪ್ಪುನೇರಳೆಯೂ ಹಾಗೆಯೇ: ವರ್ಷಕ್ಕೆ ಐದು ಸಲ ಕಟಾವಾದರೂ ಲೆಕ್ಕಕ್ಕೆ ಒಂದು. ಪಾವಗಡದಲ್ಲಿ ಮಳೆ ನಂಬಿದ ಶೇಂಗಾ ಕೈಕೊಟ್ಟೂ ಕೈಕೊಟ್ಟೂ, ತಿರುಮಣಿ ಸುತ್ತಲಿನ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಯಿತು, ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಅಂಥ ನೆಲದಲ್ಲಿ ನೀರಿಲ್ಲದೆ ಪೇಪರ್ ಹಾಸಿದರೆ ಬೀಳುವ ನಾಲ್ಕು ಹನಿ ಮಳೆಯೂ ಬೆಡ್ಡಿನ ಒಳಗೆ ಇಳಿಯದೆ ಸಾಲಿನ ನಡುವಿನ ಕಾಲುವೆಗೆ ಜಾರುತ್ತದೆ.

ಹಾಸುವ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಬೆಡ್ಡಿನ ನೆತ್ತಿ ಎರಡು ಅಡಿ, ಎತ್ತರ ಅರ್ಧ ಅಡಿ. ಎರಡು ಬದಿಯ ಇಳಿಜಾರು ಸೇರಿ ಮೂರು ಅಡಿ ಮುಚ್ಚಿ, ಉಳಿದ ಅಂಚನ್ನು ತಲಾ ಅರ್ಧ ಅಡಿ ಮಣ್ಣಿನೊಳಗೆ ಹೂಳಿದರೆ ನಾಲ್ಕು ಅಡಿ ಪೇಪರ್ ಸರಿಹೋಗುತ್ತದೆ. ಹೆಂಟೆ ಉಳಿದರೆ ಪೇಪರ್ ಅಲ್ಲೇ ತೂತಾಗುತ್ತದೆ. ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರ ಕೆಳಗೆ ಹಾಕಬೇಡಿ. ಮುಚ್ಚಿದ ಬೆಡ್ಡಿನಲ್ಲಿ ಅದು ಕಾದು, ಹೊರಡುವ ಆವಿ ಸಸಿಯ ಬುಡಕ್ಕೇ ಬಡಿಯುತ್ತದೆ.

ಪೇಪರ್ ಎಳೆಯುವ ಮುನ್ನ ಡ್ರಿಪ್ ಪೈಪು ಹಾಸಿ ಒಂದು ಗಂಟೆ ನೀರು ಬಿಟ್ಟು, ಸಾಲು ಸಾಲಾಗಿ ನಡೆದು ನೋಡಿ. ಮುಚ್ಚಿದ ಮೇಲೆ ಸೋರಿಕೆಯೂ ಕಾಣದು, ಕಟ್ಟಿಕೊಂಡ ರಂಧ್ರವೂ ಕಾಣದು, ಗಿಡ ಬಾಡಿದಾಗಲೇ ತಿಳಿಯುವುದು. 40 ಸೆಂಟಿಮೀಟರಿಗೊಂದು ರಂಧ್ರವಾದರೆ ಆರು ಅಡಿ ಸಾಲಿನ ಎಕರೆಗೆ 5,500 ರಂಧ್ರ. ರಂಧ್ರ ಗಂಟೆಗೆ 2 ಲೀಟರಿನದಾದರೆ ಗಂಟೆಗೆ ಒಟ್ಟು 11,000 ಲೀಟರ್ ಬೇಕು, 4 ಲೀಟರಿನದಾದರೆ 22,000. ಬೋರು ಅಷ್ಟು ಕೊಡದಿದ್ದರೆ ಕೊನೆ ಸಾಲಿಗೆ ನೀರು ತಲುಪದು, ಗೇಟ್‌ವಾಲ್ವ್ ಇಟ್ಟು ಭಾಗ ಮಾಡಿ ಬಿಡಿ. ಆಳದ ಬೋರಿನ ಗಡಸು ನೀರು ರಂಧ್ರದಲ್ಲಿ ಸುಣ್ಣ ಕಟ್ಟುತ್ತದೆ. ಫಿಲ್ಟರ್ ತೊಳೆಯುವುದನ್ನು, ಪೈಪಿನ ತುದಿ ಬಿಚ್ಚಿ ನೀರು ಹಾಯಿಸುವುದನ್ನು ತಪ್ಪಿಸಬೇಡಿ.

ಸಸಿ ನೆಡುವ ತೂತನ್ನು ಬ್ಲೇಡಿನಲ್ಲಿ ಸೀಳಬಾರದು, ಗಾಳಿಗೆ ಸೀಳು ಬೆಳೆಯುತ್ತದೆ. ಕೆಂಡ ತುಂಬಿದ ತಗಡಿನ ಡಬ್ಬಿಯ ತಳದಿಂದ ಒತ್ತಿದರೆ ಅಂಚು ಕರಗಿ ಗಟ್ಟಿಯಾಗುತ್ತದೆ. ಮೂರು ಇಂಚಿನ ತೂತು ಇರಲಿ. ಸಸಿಯ ಕಾಂಡ ಪೇಪರಿಗೆ ತಾಗಿದರೆ ಮಧ್ಯಾಹ್ನದ ಬಿಸಿಲಿಗೆ ಕತ್ತಿನಲ್ಲಿ ಸುಟ್ಟು ಕಪ್ಪಾಗಿ ಬೀಳುತ್ತದೆ. ನೆಟ್ಟ ಕೂಡಲೇ ಬುಡಕ್ಕೆ ಹಿಡಿ ಮಣ್ಣು ಒತ್ತಿ.

ಕಳೆಯ ವಿಷಯದಲ್ಲಿ ಪೂರ್ಣ ಅಂಕ ಕೊಡಲಾಗದು. ಬೇರೆ ಕಳೆ ಬೆಳಕಿಲ್ಲದೆ ಸಾಯುತ್ತದೆ, ಕೊನ್ನಾರಿ ಗಡ್ಡೆಯ ಸೂಜಿಯಂಥ ಮೊಳಕೆ 25 ಮೈಕ್ರಾನನ್ನೂ ಚುಚ್ಚಿಕೊಂಡು ಬರುತ್ತದೆ. ಬೆಳ್ಳಿ ಬಣ್ಣದಿಂದ ಬಿಳಿ ನೊಣ ಕಡಿಮೆಯಾಗುವುದು ನಿಜ, ಆದರೆ ಗಿಡ ಹರಡಿ ಪೇಪರ್ ಮುಚ್ಚಿಹೋಗುವವರೆಗೆ ಮಾತ್ರ. ಎಲೆ ಮುದುಡು ರೋಗ ತಡೆಯಲು ಇದೊಂದೇ ಸಾಲದು. ಟೊಮೆಟೊ ಕಿತ್ತ ತೂತಿಗೇ ಮತ್ತೆ ಟೊಮೆಟೊ ನೆಡುವ ಆಸೆ ಬೇಡವೇ ಬೇಡ, ಸೊರಗು ರೋಗ ಅಲ್ಲೇ ಕಾದಿರುತ್ತದೆ. ಬೇರಿನಲ್ಲಿ ಜಂತುಹುಳುವಿನ ಗಂಟು ಕಂಡಿದ್ದರೆ ಹೀರೆಯನ್ನೂ ಬಿಟ್ಟು ಚೆಂಡು ಹೂವಿಗೆ ಹೋಗಿ.

20 ಮೈಕ್ರಾನ್ ಬೇಡ ಎನ್ನಲು ದೊಡ್ಡ ಕಾರಣ ತೆಗೆಯುವಾಗ ಸಿಗುತ್ತದೆ. ಆರು ತಿಂಗಳ ಬಿಸಿಲು ತಿಂದ ತೆಳು ಪೇಪರ್ ಅಂಗೈಯಗಲದ ಚೂರುಗಳಾಗಿ ಹರಿಯುತ್ತದೆ, ರೋಟವೇಟರ್ ಅದನ್ನು ಮಣ್ಣಿಗೇ ಬೆರೆಸಿಬಿಡುತ್ತದೆ. 25 ಆದರೆ ಹಿಂದಿನ ದಿನ ನೀರು ಕೊಟ್ಟು, ಅಂಚಿನ ಮಣ್ಣು ಬಿಡಿಸಿ, ಕೋಲಿಗೆ ಸುತ್ತುತ್ತಾ ಬಂದರೆ ಸಾಲಿಗೆ ಸಾಲೇ ಬಿಚ್ಚಿ ಬರುತ್ತದೆ.