ಹೈಡ್ರೋಜನ್ ಸೆಲ್ಲಿಗೆ ಜೋಡಿಸಿದ ಕರೆಂಟ್ ನಿಯಂತ್ರಕ: ನಾಲ್ಕು ತಿಂಗಳ ಬಳಕೆಯ ನಂತರ

ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯುವ, ಮನೆಯಲ್ಲೇ ಕಟ್ಟಿಕೊಂಡ ಹೈಡ್ರೋಜನ್ ಸೆಲ್ಲನ್ನು ಚಾಲೂ ಮಾಡಿ ಆಮ್ಮೀಟರಿನ ಮುಂದೆ ಒಂದೂವರೆ ಗಂಟೆ ಕುಳಿತವರಿಗೆ ಅದರ ದೊಡ್ಡ ತೊಂದರೆ ಯಾರೂ ಹೇಳದೆಯೇ ಗೊತ್ತಾಗುತ್ತದೆ. ನನ್ನ ಸೆಲ್ಲು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ 9 ಆಂಪಿಯರ್‌ನೊಂದಿಗೆ ಶುರುವಾಗಿ, ನಾನು ಒಂದು ಗುಂಡಿಯನ್ನೂ ಮುಟ್ಟದಿದ್ದರೂ, ದ್ರಾವಣ 55 ಡಿಗ್ರಿಗೆ ಬರುವಷ್ಟರಲ್ಲಿ 17 ಆಂಪಿಯರ್ ಎಳೆಯುತ್ತಿತ್ತು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ, ರೋಧ ಇಳಿದಷ್ಟೂ ಕರೆಂಟ್ ಏರುತ್ತದೆ, ಏರಿದ ಕರೆಂಟ್ ದ್ರಾವಣವನ್ನು ಇನ್ನಷ್ಟು ಕಾಯಿಸುತ್ತದೆ. ಹೊರಗಿನಿಂದ ಯಾರಾದರೂ ತಡೆಯದಿದ್ದರೆ ಈ ಸುತ್ತು ತಾನಾಗಿ ನಿಲ್ಲುವುದಿಲ್ಲ. ತಡೆಯುವ ಕೆಲಸಕ್ಕೆಂದು ನಾನು ತರಿಸಿಕೊಂಡದ್ದು 30 ಆಂಪಿಯರ್ ಎಂದು ಹಣೆಪಟ್ಟಿ ಹೊತ್ತ ಒಂದು ಪಿಡಬ್ಲ್ಯುಎಂ ನಿಯಂತ್ರಕ, ಅಂದರೆ ಕರೆಂಟನ್ನು ಬೇಗಬೇಗ ಹರಿಸಿ ನಿಲ್ಲಿಸಿ ಅದರ ಸರಾಸರಿಯನ್ನು ಹಿಡಿತದಲ್ಲಿಡುವ ಸಾಧನ. ಈ ವಿಮರ್ಶೆ ಅದರ ಬಗ್ಗೆ.

ಮೊದಲು ಸೆಲ್ಲಿನ ವಿವರ ಹೇಳದಿದ್ದರೆ ಮುಂದಿನ ಅಂಕಿಗಳಿಗೆ ಅರ್ಥವಿರುವುದಿಲ್ಲ. 316 ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಏಳು ಫಲಕಗಳು, ಅವುಗಳ ನಡುವೆ ರಬ್ಬರ್ ಗ್ಯಾಸ್ಕೆಟ್‌ಗಳಿಂದಾದ ಆರು ಕೋಣೆಗಳು, ಸುಮಾರು ಒಂದು ಲೀಟರ್ ದ್ರಾವಣ, 12 ವೋಲ್ಟ್‌ನ ಪವರ್ ಸಪ್ಲೈ. ಎರಡು ತುದಿಯ ಫಲಕಗಳಿಗೆ ಮಾತ್ರ ತಂತಿ ಇರುವುದರಿಂದ ಪ್ರತಿ ಕೋಣೆಯ ಪಾಲಿಗೆ 2 ವೋಲ್ಟ್ ಬರುತ್ತದೆ. ನೀರನ್ನು ಒಡೆಯಲು ಸಿದ್ಧಾಂತದ ಪ್ರಕಾರ 25 ಡಿಗ್ರಿಯಲ್ಲಿ 1.23 ವೋಲ್ಟ್ ಸಾಕು. ಆದರೆ ಹೊರಗಿನ ಶಾಖದ ನೆರವಿಲ್ಲದೆ ಕ್ರಿಯೆ ನಡೆಯಬೇಕಾದರೆ 1.48 ವೋಲ್ಟ್ ಬೇಕು, ಅದಕ್ಕಿಂತ ಹೆಚ್ಚು ಕೊಟ್ಟದ್ದೆಲ್ಲವೂ ಬಿಸಿಯಾಗಿಯೇ ಹೊರಬರುತ್ತದೆ. ಹಾಗೆಂದರೆ 10 ಆಂಪಿಯರ್‌ನಲ್ಲಿ ನನ್ನ ಆರು ಕೋಣೆಗಳು ಸೇರಿ ಸುಮಾರು 31 ವಾಟ್ ಶಾಖವನ್ನು ದ್ರಾವಣಕ್ಕೆ ಸುರಿಯುತ್ತವೆ. ಒಂದೇ ಕೋಣೆಗೆ ನೇರವಾಗಿ 12 ವೋಲ್ಟ್ ಕೊಡುವವರೂ ಇದ್ದಾರೆ. ಅವರ ಪಾತ್ರೆಯಲ್ಲಿ ಅದೇ 10 ಆಂಪಿಯರ್ 105 ವಾಟ್ ಶಾಖ ಹುಟ್ಟಿಸಿ, ಆರನೇ ಒಂದು ಭಾಗ ಅನಿಲವನ್ನು ಮಾತ್ರ ಕೊಡುತ್ತದೆ. ಅದನ್ನು ಸೆಲ್ ಎನ್ನುವುದಕ್ಕಿಂತ ನೀರು ಕಾಯಿಸುವ ಹಂಡೆ ಎನ್ನುವುದೇ ಸರಿ. ಅಂಥವರಿಗೆ ಯಾವ ನಿಯಂತ್ರಕವೂ ಬೇಡ, ಮೊದಲು ಇನ್ನಷ್ಟು ಫಲಕಗಳು ಬೇಕು.

ಈಗ ನಿಯಂತ್ರಕಕ್ಕೆ ಬರೋಣ. ಒಳಗೆ ಸಮಾಂತರವಾಗಿ ಜೋಡಿಸಿದ ಎರಡು ಮಾಸ್ಫೆಟ್‌ಗಳು (ಎಲೆಕ್ಟ್ರಾನಿಕ್ ಸ್ವಿಚ್ಚುಗಳು), ಕರೆಂಟಿನ ಕಾಂತಕ್ಷೇತ್ರದಿಂದ ಅದನ್ನು ಅಳೆಯುವ ಹಾಲ್ ಪರಿಣಾಮದ ಒಂದು ಸೆನ್ಸರ್, ಚಿಕ್ಕದೊಂದು ಮೈಕ್ರೋಕಂಟ್ರೋಲರ್ ಇವೆ. ಗುಂಡಿ ತಿರುಗಿಸಿ ಎಷ್ಟು ಆಂಪಿಯರ್ ಬೇಕೆಂದು ನಿಗದಿಪಡಿಸಿದರೆ, ಸೆನ್ಸರಿನ ಓದುವಿಕೆ ನೋಡಿಕೊಂಡು ಅದು ಸ್ವಿಚ್ಚು ಕರೆಂಟ್ ಹರಿಸುವ ಅವಧಿಯನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. 10 ಆಂಪಿಯರ್‌ಗೆ ಇಟ್ಟು ಮೂರು ಗಂಟೆ ಓಡಿಸಿದಾಗ ಪರದೆಯ ಮೇಲಿನ ಅಂಕಿ ಆಚೀಚೆ ಜಗ್ಗಲಿಲ್ಲ, ದ್ರಾವಣದ ಉಷ್ಣತೆ 50 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು. ಆಮ್ಮೀಟರಿನ ಮುಂದೆ ಕಾವಲು ಕೂರುವ ಕೆಲಸದಿಂದ ಬಿಡುಗಡೆ ಸಿಕ್ಕಿತು ಎಂಬುದು ನಿಜ, ಆ ಮಟ್ಟಿಗೆ ಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಆದರೆ ಪೆಟ್ಟಿಗೆಯ ಜೊತೆ ಬಂದ ಕರಪತ್ರ ಇದರಿಂದ ಅನಿಲ ಹೆಚ್ಚು ಬರುತ್ತದೆ, ಸೆಲ್ಲು ತಣ್ಣಗಿರುತ್ತದೆ ಎಂದು ಎರಡು ಮಾತು ಹೇಳುತ್ತದೆ. ಮೊದಲನೆಯದು ಸುಳ್ಳು, ಎರಡನೆಯದು ಅರೆನಿಜ. ಬರುವ ಅನಿಲದ ಪ್ರಮಾಣ ಹರಿದ ವಿದ್ಯುದಂಶಕ್ಕೆ ತಕ್ಕಷ್ಟೇ ಎಂಬುದು ಮೈಕೆಲ್ ಫ್ಯಾರಡೆ 1834ರಲ್ಲಿ ಪ್ರಕಟಿಸಿದ ನಿಯಮ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಪ್ರತಿ ಕೋಣೆಯಲ್ಲಿ, ಸೊನ್ನೆ ಡಿಗ್ರಿ ಮತ್ತು ಒಂದು ವಾಯುಭಾರದ ಲೆಕ್ಕದಲ್ಲಿ, 0.42 ಲೀಟರ್ ಹೈಡ್ರೋಜನ್ ಮತ್ತು ಅದರ ಅರ್ಧದಷ್ಟು ಆಮ್ಲಜನಕ ಹುಟ್ಟುತ್ತವೆ. ಕರೆಂಟನ್ನು ತುಂಡರಿಸಿ ಕೊಟ್ಟ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಬಿಸಿಯಾದ ಸೆಲ್ಲು ಹೆಚ್ಚು ಗುಳ್ಳೆ ಬಿಡುವಂತೆ ಕಾಣುವುದಕ್ಕೆ ಆವಿಯೂ ಒಂದು ಕಾರಣ: 60 ಡಿಗ್ರಿಯಲ್ಲಿ ಹೊರಬರುವ ಗಾತ್ರದ ಐದನೇ ಒಂದು ಭಾಗ, 80 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅರ್ಧ, ಬರೀ ನೀರಾವಿ.

ತಣ್ಣಗಿರುವ ಮಾತನ್ನು ಪರೀಕ್ಷಿಸಲು ಕರೆಂಟ್ ಅಳೆಯಲು ಅದರ ಹಾದಿಯಲ್ಲಿಟ್ಟ ಸಣ್ಣ ರೋಧಕದ (ಶಂಟ್) ಎರಡು ತುದಿಗೆ, ಹರಿವಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಜೋಡಿಸಿದೆ. ಪರದೆ 10 ಎಂದು ತೋರಿಸುತ್ತಿದ್ದಾಗ ಸೆಲ್ಲಿನೊಳಗೆ ಹೋಗುತ್ತಿದ್ದದ್ದು 15 ಆಂಪಿಯರ್‌ನ ತುಂಡುಗಳು. ಮೂರು ಪಾಲು ಸಮಯದಲ್ಲಿ ಎರಡು ಪಾಲು ಪೂರ್ತಿ ಹರಿವು, ಒಂದು ಪಾಲು ಸೊನ್ನೆ. ಸರಾಸರಿ ಸರಿಯಾಗಿಯೇ ಇದೆ, ಆದರೆ ತಂತಿ ಮತ್ತು ಜೋಡಣೆಗಳು ಕಾಯುವುದು ಕರೆಂಟಿನ ವರ್ಗದ ಪ್ರಕಾರವಾದ್ದರಿಂದ ಅಲ್ಲಿನ ಬಿಸಿ ನೇರವಾದ 10 ಆಂಪಿಯರ್ ಹುಟ್ಟಿಸುವುದರ ಒಂದೂವರೆ ಪಟ್ಟು. ಇನ್ನು ದ್ರಾವಣದ ವಿಷಯ. ಸಪ್ಲೈ ಪ್ರತಿ ತುಂಡನ್ನೂ 12 ವೋಲ್ಟ್‌ನಲ್ಲಿಯೇ ಕೊಡುವುದರಿಂದ, ಪ್ರತಿ ಲೀಟರ್ ಅನಿಲದ ಹಿಂದಿನ ಶಾಖ ನಿಯಂತ್ರಕ ಇಲ್ಲದಾಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಅನಿಲ ಕಡಿಮೆಯಾಯಿತು, ಅದರೊಂದಿಗೆ ಬಿಸಿಯೂ ಕಡಿಮೆಯಾಯಿತು, ಅಷ್ಟೆ.

ಹೋಲಿಕೆಗಾಗಿ ಇಂಡಕ್ಟರ್ ಸುರುಳಿಯುಳ್ಳ, ಸ್ಥಿರ ಕರೆಂಟ್ ಕೊಡುವ ಬಕ್ (ವೋಲ್ಟೇಜ್ ಇಳಿಸುವ) ಮಾದರಿಯ ಒಂದು ಮಾಡ್ಯೂಲನ್ನು ಇದೇ ಸೆಲ್ಲಿಗೆ ಕೊಟ್ಟು ನೋಡಿದೆ. ಸೆಲ್ಲು ಬಿಸಿಯಾದಂತೆ ಅದು ಕರೆಂಟನ್ನು ತುಂಡರಿಸುವ ಬದಲು ವೋಲ್ಟೇಜನ್ನೇ ಇಳಿಸುತ್ತದೆ. 50 ಡಿಗ್ರಿಯಲ್ಲಿ ಅದೇ 10 ಆಂಪಿಯರ್‌ಗೆ ಸೆಲ್ಲಿನ ತುದಿಗಳಲ್ಲಿ 11.2 ವೋಲ್ಟ್ ಮಾತ್ರ ಇತ್ತು, ದ್ರಾವಣಕ್ಕೆ ಹೋಗುವ ಶಾಖ 31 ವಾಟ್‌ನಿಂದ 23ರ ಬಳಿಗೆ ಬಂತು. ಮಾಡ್ಯೂಲ್ ತಾನೂ ಸ್ವಲ್ಪ ಕಾಯುತ್ತದೆ, ನಿಜ; ಆದರೆ ಆ ಬಿಸಿಯನ್ನು ಫ್ಯಾನ್ ಊದಿ ತೆಗೆಯಬಹುದು. ಗ್ಯಾಸ್ಕೆಟ್ ನಡುವೆ ಸಿಕ್ಕಿಕೊಂಡ ಬಿಸಿಯನ್ನು ಹಾಗೆ ತೆಗೆಯಲಾಗದು.

ಕಟ್ಟೋಣದ ಗುಣಮಟ್ಟದ ಬಗ್ಗೆ ಹೇಳುವುದಾದರೆ, 30 ಆಂಪಿಯರ್ ಎಂಬುದು ಮಾಸ್ಫೆಟ್‌ಗಳ ತಾಕತ್ತು ಇರಬಹುದು, ತಂತಿ ಸಿಕ್ಕಿಸುವ ಹಸಿರು ಟರ್ಮಿನಲ್‌ಗಳದ್ದಂತೂ ಅಲ್ಲ. 18 ಆಂಪಿಯರ್‌ನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಹೀಟ್‌ಸಿಂಕ್ ಮೇಲೆ ಬೆರಳಿಡಬಹುದಿತ್ತು, ಟರ್ಮಿನಲ್ಲಿನ ತಿರುಪಿನ ಮೇಲೆ ಇಡಲಾಗಲಿಲ್ಲ. ಎರಡನೇ ತಿಂಗಳಲ್ಲಿ ಧನ ತುದಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಅಂಚು ಮೆತ್ತಗಾಗಿ ಬಾಗಿತ್ತು. ಮಾರಿದವರಿಗೆ ಚಿತ್ರ ಕಳುಹಿಸಿದರೆ ತಿರುಪು ಬಿಗಿ ಮಾಡಿ ಎಂಬ ಉತ್ತರ ಬಂತು. ಟರ್ಮಿನಲ್ಲುಗಳನ್ನು ಕಿತ್ತು, ದಪ್ಪ ತಂತಿಯನ್ನು ನೇರವಾಗಿ ಬೋರ್ಡಿಗೆ ಬೆಸುಗೆ ಹಾಕಿದ ಮೇಲೆ ಆ ಕಾಟ ತಪ್ಪಿತು. ನನ್ನ ಲೆಕ್ಕದಲ್ಲಿ ಇದು 15 ಆಂಪಿಯರ್‌ನ ಸಾಧನ.

ಇದಕ್ಕಿಂತ ಗಂಭೀರವಾದ ದೂರು ಉಷ್ಣತೆಯ ಕಾವಲಿನದು. ದ್ರಾವಣ 60 ಡಿಗ್ರಿ ಮುಟ್ಟಿದರೆ ಕರೆಂಟ್ ಕಡಿಯಲು ಒಂದು ಥರ್ಮಿಸ್ಟರ್ ಕೊಟ್ಟಿದ್ದಾರೆ. ಬಿಸಿಯಾದಂತೆ ರೋಧ ಇಳಿಯುವ ಜಾತಿ ಅದು. ಅದರ ತಂತಿ ಕಿತ್ತುಹೋದರೆ ರೋಧ ಅನಂತವಾಗುತ್ತದೆ, ನಿಯಂತ್ರಕ ಅದನ್ನು ಕೊರೆಯುವ ಚಳಿ ಎಂದು ಓದಿಕೊಂಡು ನೆಮ್ಮದಿಯಾಗಿ ಕರೆಂಟ್ ಕೊಡುತ್ತಲೇ ಇರುತ್ತದೆ. ಬೇಕೆಂದೇ ತಂತಿ ಎಳೆದು ನೋಡಿದೆ, ಹಾಗೆಯೇ ಆಯಿತು. ಕರೆಂಟ್ ಹೋಗಿ ಬಂದರೆ ನಿಗದಿಪಡಿಸಿದ ಮಿತಿ ಜಾರಿಗೆ ಬರುವ ಮುನ್ನ ಒಂದೆರಡು ಕ್ಷಣ ಪೂರ್ಣ ಹರಿವಿನಿಂದ ಶುರುವಾಗುವುದು ಇದೇ ಜಾಡಿನ ಇನ್ನೊಂದು ಅಜಾಗರೂಕತೆ. ಇವೆರಡರ ಮೇಲೆ, ಮಾಸ್ಫೆಟ್ ಸುಟ್ಟಾಗ ಸಾಮಾನ್ಯವಾಗಿ ಸರ್ಕ್ಯೂಟನ್ನು ಕಡಿಯುವುದಿಲ್ಲ, ಒಳಗೇ ಶಾರ್ಟ್ ಆಗಿ ಪೂರ್ತಿ ಕರೆಂಟ್ ಬಿಟ್ಟುಬಿಡುತ್ತದೆ. ಕಾವಲುಗಾರ ಸತ್ತರೆ ಬಾಗಿಲು ಹಾರುಹೊಡೆದಿರುತ್ತದೆ ಎಂದಾಯಿತು.

ಆದ್ದರಿಂದ ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟು. ಸಪ್ಲೈಯ ಹತ್ತಿರವೇ 15 ಆಂಪಿಯರ್ ಫ್ಯೂಸ್, ನಂತರ ಒಂದು ರಿಲೇ (ಸುರುಳಿಯಲ್ಲಿ ಸಣ್ಣ ಕರೆಂಟ್ ಇರುವವರೆಗೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್), ಆ ರಿಲೇಯ ಸುರುಳಿಯ ಸರ್ಕ್ಯೂಟಿನಲ್ಲಿ ಸೆಲ್ಲಿನ ಮೈಗೆ ಅಂಟಿಸಿದ, 60 ಡಿಗ್ರಿಯಲ್ಲಿ ಸಂಪರ್ಕ ಕಡಿಯುವ ಬೈಮೆಟಲ್ ಥರ್ಮಲ್ ಸ್ವಿಚ್. ಬಿಸಿಯಾದರೂ, ತಂತಿ ಕಿತ್ತರೂ ರಿಲೇ ಬಿಟ್ಟುಕೊಂಡು ಕರೆಂಟ್ ಕಡಿಯುತ್ತದೆ. ಆ ಥರ್ಮಲ್ ಸ್ವಿಚ್ಚಿನ ಮೂಲಕ ಸೆಲ್ಲಿನ ಪೂರ್ತಿ ಕರೆಂಟನ್ನು ಹಾಯಿಸಬಾರದು. ಅದರ ಮೇಲೆ ಬರೆದಿರುವ ಆಂಪಿಯರ್ ಪರ್ಯಾಯ ವಿದ್ಯುತ್ತಿನದು, ನೇರ ವಿದ್ಯುತ್ತಿನ ಕಿಡಿ ಅದರ ಸಂಪರ್ಕಗಳನ್ನು ಬೆಸೆದುಬಿಡಬಹುದು. ರಿಲೇ, ನಿಯಂತ್ರಕ ಎಲ್ಲವನ್ನೂ ಸೆಲ್ಲಿನಿಂದ ದೂರ, ಕೆಳಮಟ್ಟದಲ್ಲಿ ಇಟ್ಟಿದ್ದೇನೆ. ಹೈಡ್ರೋಜನ್ ಮೇಲಕ್ಕೇರುವ ಅನಿಲ, ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ, ರಿಲೇಯ ಒಂದು ಕಿಡಿ ಅದಕ್ಕೆ ಧಾರಾಳ. ನನ್ನ ಸೆಲ್ಲಿನಲ್ಲಂತೂ ಎರಡು ಅನಿಲಗಳೂ ಬೆರೆತೇ ಬರುತ್ತವೆ, ಹಾಗಾಗಿ ಬಬ್ಲರ್ (ಅನಿಲವನ್ನು ನೀರಿನ ಮೂಲಕ ಹಾಯಿಸಿ, ಬೆಂಕಿ ಸೆಲ್ಲಿಗೆ ಹಿಂದಿರುಗದಂತೆ ತಡೆಯುವ ಪಾತ್ರೆ) ಇಲ್ಲದೆ ಓಡಿಸುವುದಿಲ್ಲ, ಕೂಡಿಡುವ ಪ್ರಶ್ನೆಯೇ ಇಲ್ಲ, ಓಡಿಸುವುದು ಬಯಲಿನಲ್ಲಿ ಮಾತ್ರ.

ಹತ್ತು ಆಂಪಿಯರ್ ಒಳಗಿನ, ಸರಿಯಾಗಿ ಫಲಕ ಜೋಡಿಸಿದ ಸೆಲ್ಲು ಇರುವವರು, ಬೆಸುಗೆ ಹಾಕಲು ಬಲ್ಲವರು ಇದನ್ನು ಕೊಳ್ಳಬಹುದು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹೊಸದಾಗಿ ಶುರು ಮಾಡುವವರು ಬಕ್ ಮಾದರಿಯ ಸ್ಥಿರ ಕರೆಂಟ್ ಮಾಡ್ಯೂಲನ್ನೇ ಹುಡುಕಲಿ. ನನ್ನ ಸೆಲ್ಲಿನಲ್ಲಿ ಈಗ ಅದೇ ಇದೆ, ಈ ನಿಯಂತ್ರಕ ಒಂದು ಸಣ್ಣ ಮೋಟರಿನ ವೇಗ ಹೊಂದಿಸುವ ಕೆಲಸ ಮಾಡುತ್ತಿದೆ, ಅಲ್ಲಿ ತಕರಾರಿಲ್ಲ.