ನಿರ್ಭೀಕ್ ರಿವಾಲ್ವರ್: ಬೀಟೆಯ ಹಿಡಿ, ಎಮ್ಮೆ ಚರ್ಮದ ಒರೆ ಮತ್ತು ಎಂಟು ವರ್ಷಗಳ ಬಳಕೆ

ಬೆಂಗಳೂರಿನ ನಗರ್ತಪೇಟೆಯಲ್ಲಿ ನಮ್ಮದು ಬೆಳ್ಳಿ ಸಾಮಾನಿನ ಅಂಗಡಿ. ರಾತ್ರಿ ಬಾಗಿಲು ಹಾಕಿದ ಮೇಲೆ ದಿನದ ವಸೂಲಿಯನ್ನೂ, ಕೆಲವೊಮ್ಮೆ ಗಿರಾಕಿಗಳ ಮನೆಗೆ ಒಯ್ದು ತೋರಿಸಬೇಕಾದ ಮಾಲನ್ನೂ ಹೊತ್ತು ಜಯನಗರಕ್ಕೆ ಬರಬೇಕಾಗುತ್ತದೆ ಎಂಬ ಕಾರಣವನ್ನು ಮುಂದಿಟ್ಟು ಅರ್ಜಿ ಹಾಕಿದ್ದೆ; ನಗರ ಪೊಲೀಸ್ ಆಯುಕ್ತರ ಕಚೇರಿಯಿಂದ ಪರವಾನಗಿ ದೊರೆಯಿತು. 2017ರಲ್ಲಿ ಕೊಂಡ ನಿರ್ಭೀಕ್ ಎಂಟು ವರ್ಷ ನನ್ನ ಬಲಸೊಂಟದಲ್ಲಿ ಕಳೆದಿದೆ. ಈ ಅವಧಿಯಲ್ಲಿ ಅಭ್ಯಾಸದ ರೇಂಜಿನ ಹೊರಗೆ ಅದನ್ನು ಒರೆಯಿಂದ ತೆಗೆಯುವ ಪ್ರಮೇಯ ಒಮ್ಮೆಯೂ ಬಂದಿಲ್ಲ. ಆದ್ದರಿಂದ ಇದು ಹೊತ್ತು ತಿರುಗಿದವನ ವಿಮರ್ಶೆ. ಗುರಿಕಾರನ ವಿಮರ್ಶೆಯನ್ನು ಇಲ್ಲಿ ನಿರೀಕ್ಷಿಸಬಾರದು.

ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಈ ರಿವಾಲ್ವರನ್ನು 2014ರಲ್ಲಿ ಮಾರುಕಟ್ಟೆಗೆ ತಂದಾಗ, ಮಹಿಳೆಯರಿಗೆಂದೇ ಮಾಡಿದ ಹಗುರ ಅಸ್ತ್ರವೆಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಗಿತ್ತು. ಆಗಿನ ಬೆಲೆ 1,22,360 ರೂಪಾಯಿ. .32 ಬೋರ್ (ಅಂದರೆ ನಳಿಕೆಯ ಒಳಅಳತೆ ಸುಮಾರು 0.32 ಇಂಚು), ಆರು ತೋಟಾ, ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ. ನಮ್ಮ ಅಣ್ಣನ ಬಳಿಯಿರುವ ಹಳೆಯ .32 ಇದಕ್ಕಿಂತ ಕಾಲು ಕಿಲೋದಷ್ಟು ಭಾರ. ತಕ್ಕಡಿ ಹಿಡಿದು ಬದುಕುವವನಾದ ನಾನು ಕಾಗದದ ಮೇಲಿನ ಅಂಕಿಯನ್ನಷ್ಟೇ ನಂಬದೆ, ರಿವಾಲ್ವರ್, ಈಗಿನ ಮರದ ಹಿಡಿ, ಒರೆ, ಆರು ತೋಟಾ ಎಲ್ಲವನ್ನೂ ಬೇರೆ ಬೇರೆಯಾಗಿ ಅಂಗಡಿಯ ತಕ್ಕಡಿಯಲ್ಲಿಟ್ಟು ಕೂಡಿಸಿದ್ದೇನೆ. ಒಟ್ಟು 800 ಗ್ರಾಂ ದಾಟಿತು. ಟೈಟಾನಿಯಂ ಉಳಿಸಿಕೊಟ್ಟ ಕಾಲು ಕಿಲೋವನ್ನು ಮರವೂ ಚರ್ಮವೂ ಮರಳಿ ಪಡೆದಿವೆ. ಆದರೂ ಆ ವಿನಿಮಯದಲ್ಲಿ ನನಗೆ ನಷ್ಟವಾಯಿತೆಂದು ಅನ್ನಿಸಿಲ್ಲ.

ಕಾರಣ ಇಷ್ಟೇ: ತೋಟಾದ ಶಕ್ತಿ ಅದೇ ಇದ್ದು ಅಸ್ತ್ರದ ತೂಕ ಮಾತ್ರ ಇಳಿದರೆ, ಹೊಡೆದಾಗಿನ ಹಿಂದೊದೆತ ಅಂಗೈಗೆ ಇನ್ನೂ ಜೋರಾಗಿ ಬರುತ್ತದೆ. ಇದು ತಯಾರಿಕೆಯ ದೋಷವಲ್ಲ, ಹಗುರತನದ ಬೆಲೆ. ರೇಂಜಿನಲ್ಲಿ ಮೊದಲ ಆರು ಸುತ್ತು ಮುಗಿಸುವ ಹೊತ್ತಿಗೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕೆಂಪಾಗಿತ್ತು. ನನ್ನ ಅಂಗೈ ಅಗಲ. ಮೂಲ ಹಿಡಿಯ ಮೇಲೆ ಕಿರುಬೆರಳಿಗೆ ಜಾಗವೇ ಸಿಗುತ್ತಿರಲಿಲ್ಲ, ಪ್ರತಿ ಸುತ್ತಿನ ನಂತರ ಕೈಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕಾಗುತ್ತಿತ್ತು.

ಹೀಗಾಗಿ 2018ರಲ್ಲಿ, ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಮಾಡುವ ಆಚಾರಿಯೊಬ್ಬರ ಬಳಿಗೆ ಹೋದೆ. ಪರವಾನಗಿ ಇಲ್ಲದವರ ಕೈಗೆ ಅಸ್ತ್ರವನ್ನು ಒಪ್ಪಿಸಿ ಬರುವಂತಿಲ್ಲವಾದ್ದರಿಂದ, ಮೂಲ ಹಿಡಿಯ ಎರಡು ಹೋಳುಗಳನ್ನಷ್ಟೇ ಬಿಚ್ಚಿಕೊಂಡು ಹೋಗಿದ್ದೆ. ಅವುಗಳ ಮೇಲೆ ಎಂ-ಸೀಲ್ ಮೆತ್ತಿ, ಅದು ಗಟ್ಟಿಯಾಗುವ ಮೊದಲು ಮುಷ್ಟಿ ಬಿಗಿದು ಬೆರಳುಗಳ ಅಚ್ಚು ಮೂಡಿಸಿದ್ದೆ. ಆಚಾರಿಯವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಸ್ವಾಮಿ, ಮರ ಬೆರಳನ್ನು ಹುಡುಕಿಕೊಂಡು ಬರೋದಿಲ್ಲ, ಜಾಗ ನಾವೇ ಬಿಡಬೇಕು" ಎಂದು ಹೇಳಿ, ಕೆಳಗೆ ಅರ್ಧ ಇಂಚು ಉದ್ದವನ್ನೂ ಹಿಂಬದಿಗೆ ಒಂದಿಷ್ಟು ದಪ್ಪವನ್ನೂ ಸೇರಿಸಿದರು. ಕೊನೆಯ ಜೋಡಣೆ ಬೆಂಗಳೂರಿನಲ್ಲಿ, ಪರವಾನಗಿಯುಳ್ಳ ಬಂದೂಕಿನಂಗಡಿಯಲ್ಲಿ, ನನ್ನ ಕಣ್ಣೆದುರೇ ನಡೆಯಿತು.

ಮೊದಲ ಜೋಡಿಗೆ ಕನ್ನಡಿಯಂತೆ ಪಾಲಿಶ್ ಕೊಡಿಸಿದ್ದು ನನ್ನದೇ ತಪ್ಪು. ನೋಡಿದವರೆಲ್ಲ ಮೆಚ್ಚಿದರು, ಏಪ್ರಿಲ್ ತಿಂಗಳ ಬೆವರಿನ ಕೈಯಲ್ಲಿ ಮಾತ್ರ ಅದು ಸೋಪಿನಂತೆ ಜಾರುತ್ತಿತ್ತು. ಮೇಲಾಗಿ ಮರ ಸಾಕಷ್ಟು ಒಣಗಿರಲಿಲ್ಲವೇನೋ, ಬೇಸಿಗೆಯಲ್ಲಿ ಲೋಹಕ್ಕೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟುಕೊಂಡಿತು. ಮರುವರ್ಷ ಮಾಡಿಸಿದ ಎರಡನೆಯ ಜೋಡಿಗೆ ಹಳೆಯ ಮಂಚದ ಕಾಲಿನ ಬೀಟೆಯನ್ನೇ ಒದಗಿಸಿದೆ. ಪಾಲಿಶ್ ಬೇಡವೆಂದು ಅಗಸೆ ಎಣ್ಣೆಯನ್ನಷ್ಟೇ ಉಜ್ಜಿಸಿ, ಎರಡೂ ಬದಿಗೆ ಸಣ್ಣ ಚೌಕುಳಿ ಗೆರೆಗಳನ್ನು ಕೊರೆಸಿದ್ದೇನೆ. ಹಿಂದೊದೆತ ಕಡಿಮೆಯಾಗಿಲ್ಲ, ಅದು ಒಂದೇ ಕಡೆ ಚುಚ್ಚುವ ಬದಲು ಅಂಗೈ ತುಂಬ ಹರಡಿಕೊಳ್ಳುತ್ತದೆ. ಈಗ ಹತ್ತು ಮೀಟರಿನಲ್ಲಿ ಆರೂ ಸುತ್ತುಗಳನ್ನು ಹಿಡಿತ ಬದಲಿಸದೆ ಮುಗಿಸುತ್ತೇನೆ. ಹೆಬ್ಬೆರಳು ಕೂರುವಲ್ಲಿ ಗೆರೆಗಳು ಸವೆದು, ಮರ ಕಪ್ಪಾಗಿ, ದೋಸೆಹೆಂಚಿನ ಹಿಡಿಯಂತೆ ಹೊಳೆಯುತ್ತಿದೆ.

ಇನ್ನು ಒರೆಯ ವಿಚಾರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒರೆಯಲ್ಲೇ ಇರಬೇಕು, ಪೂರ್ತಿ ಮುಚ್ಚಿರಬೇಕು, ಹೊತ್ತವನ ಹತೋಟಿಯಲ್ಲಿರಬೇಕು. ಆದ್ದರಿಂದ ಇದು ಶೋಕಿಯ ಪ್ರಶ್ನೆಯಲ್ಲ. ನಾನು ಮೊದಲು ಕೊಂಡ ಸಿದ್ಧ ಒರೆಯ ಚರ್ಮ ತೆಳು; ಆರು ತಿಂಗಳಲ್ಲಿ ಬಾಯಿ ಕುಸಿದು, ರಿವಾಲ್ವರನ್ನು ಮರಳಿ ಇಡಲು ಎರಡೂ ಕೈ ಬೇಕಾಗುತ್ತಿತ್ತು. ಟ್ರಿಗರಿನ ಸುತ್ತ ಚರ್ಮ ಮಡಚಿಕೊಳ್ಳುವ ಒರೆ ಅಪಾಯಕಾರಿ, ಅದನ್ನು ಎಸೆದೆ. ಈಗಿನದು ಶಿವಾಜಿನಗರದಲ್ಲಿ ಕೈಹೊಲಿಗೆಯಿಂದ ಮಾಡಿಸಿದ್ದು: ತೊಗಟೆಯಲ್ಲಿ ಹದ ಮಾಡಿದ ದಪ್ಪ ಎಮ್ಮೆ ಚರ್ಮ, ಟ್ರಿಗರನ್ನು ಪೂರ್ತಿ ಮುಚ್ಚುವ ಕತ್ತರಿಕೆ, ಮೇಲೊಂದು ಪಟ್ಟಿ, ಅದಕ್ಕೆ ಟಿಚ್ ಬಟನ್. ಆ ಬಟನ್ನಿನ ಹಿಂಬದಿ ಬೀಟೆಗೆ ತಾಗಿ ಗೀರು ಬೀಳುತ್ತಿದ್ದುದರಿಂದ ಒಳಗೆ ಮೆತ್ತನೆಯ ತುಂಡೊಂದನ್ನು ಅಂಟಿಸಬೇಕಾಯಿತು. ಒಂದೂವರೆ ಇಂಚಿನ ಗಟ್ಟಿ ಬೆಲ್ಟ್ ಇಲ್ಲದಿದ್ದರೆ ಎಂಥ ಒರೆಯೂ ಜೋತುಬೀಳುತ್ತದೆ. ಕಾರಿನಲ್ಲಿ ಕೂತಾಗ ಸೀಟ್‌ಬೆಲ್ಟಿನ ಪಟ್ಟಿ ಒರೆಯ ಮೇಲೇ ಹಾದು ಹೋಗುವ ಕಿರಿಕಿರಿಗೆ ಇಂದಿಗೂ ಪರಿಹಾರ ಕಂಡುಕೊಂಡಿಲ್ಲ.

ಬೆಂಗಳೂರಿನ ಮಳೆಗಾಲ ಕಲಿಸಿದ ಪಾಠ ಇನ್ನೊಂದಿದೆ. ಒರೆಯ ಬದಿಯ ಕುಣಿಕೆಗಳಲ್ಲಿ ಆರು ತೋಟಾಗಳನ್ನು ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹಾಗೆಯೇ ಬಿಟ್ಟಿದ್ದೆ. ತೆಗೆದು ನೋಡಿದಾಗ ಹಿತ್ತಾಳೆಯ ಮೇಲೆಲ್ಲ, ದೇವರ ಮನೆಯಲ್ಲಿ ತೊಳೆಯದೆ ಬಿಟ್ಟ ದೀಪದ ಹಾಗೆ, ಹಸಿರು ಕಿಲುಬು ಕಟ್ಟಿತ್ತು. ಚರ್ಮದಲ್ಲಿ ಉಳಿದಿರುವ ಆಮ್ಲಕ್ಕೆ ತೇವ ಸೇರಿದರೆ ಹಿತ್ತಾಳೆಗೆ ಉಳಿಗಾಲವಿಲ್ಲ. ಟೈಟಾನಿಯಂಗೆ ತುಕ್ಕಿನ ಭಯವಿಲ್ಲದಿದ್ದರೂ ಹಿಡಿಯ ತಿರುಪಿಗೆ ಇದೆ. ಮನೆಗೆ ಬಂದೊಡನೆ ತೋಟಾಗಳನ್ನು ತೆಗೆದು, ಒರೆಯನ್ನು ಗಾಳಿಗೆ ಬಿಟ್ಟು, ರಿವಾಲ್ವರನ್ನು ಒರಟು ಹತ್ತಿಬಟ್ಟೆಯಲ್ಲಿ ಒರೆಸಿ ಬೀರುವಿನ ಲಾಕರಿನಲ್ಲಿ ಇಡುತ್ತೇನೆ. ಸೊಂಟದಲ್ಲಿ ಅದಿರುವ ದಿನ ಮೆಟ್ರೊ ಹತ್ತುವುದಿಲ್ಲ, ಮದುವೆಮನೆಗೆ ಹೋಗುವುದಿಲ್ಲ, ಜಗಳ ಕಂಡ ರಸ್ತೆಯಲ್ಲಿ ನಿಲ್ಲುವುದಿಲ್ಲ. ಇಂಥ ನಿರ್ಬಂಧಗಳು ಬೇಡವೆನ್ನುವವರು ಎಷ್ಟೇ ಹಗುರದ ಅಸ್ತ್ರ ಕೊಂಡರೂ ಅದನ್ನು ಬೀರುವಿನಲ್ಲೇ ಬಿಡುತ್ತಾರೆ.

ಚುನಾವಣೆ ಬಂದಾಗ ಅಸ್ತ್ರವನ್ನು ಜಮೆ ಮಾಡುವುದು ನಮಗೆಲ್ಲ ರೂಢಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಹಿಡಿಯ ಸಮೇತ ಒಪ್ಪಿಸಿದ್ದೆ. ಮರಳಿ ಪಡೆದಾಗ ಗುರುತಿನ ಚೀಟಿಯ ತಂತಿ ಬಿಗಿದಿದ್ದ ಜಾಗದಲ್ಲಿ ಬೀಟೆಯ ಅಂಚು ಚಕ್ಕೆ ಎದ್ದಿತ್ತು. 2024ರ ಲೋಕಸಭಾ ಚುನಾವಣೆಗೆ ಮುನ್ನ ಬುದ್ಧಿ ಬಂದು, ಕಾರ್ಖಾನೆಯ ಮೂಲ ಹಿಡಿಯನ್ನು ಹಾಕಿ ಕೊಟ್ಟೆ. ಮರದ ಹೋಳುಗಳು ಅಷ್ಟು ದಿನವೂ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ಬೆಳ್ಳಿಯ ಲೋಟಗಳಿಗೆ ಸುತ್ತುವ ಮೆತ್ತನೆಯ ಕಾಗದದೊಳಗೆ ಇದ್ದವು.