ಮನೆಗೆ ಬರುವ ಗಣಿತದ ಸರ್: ಎರಡೂವರೆ ವರ್ಷದ ಲೆಕ್ಕ

ವಿಜಯಪುರದಲ್ಲಿ ಗಣಿತ ಹೇಳಿಕೊಡುವವರಿಗೆ ಬರವಿಲ್ಲ. ಸೈನಿಕ ಶಾಲೆ, ನವೋದಯ, ಮೊರಾರ್ಜಿ ಅಂತ ಎಲ್ಲಿ ನೋಡಿದರೂ ಕೋಚಿಂಗ್ ಬೋರ್ಡುಗಳು. ಸೈನಿಕ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆಯ 300 ಅಂಕದಲ್ಲಿ 150 ಗಣಿತಕ್ಕೇ ಇರುತ್ತದೆ, ಇನ್ನೇನಾಗಬೇಕು. ಆದರೆ ನನಗೆ ಬೇಕಾಗಿದ್ದು ಬೇರೆ. ಏಳನೇ ತರಗತಿವರೆಗೆ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಮಗಳು ಎಂಟಕ್ಕೆ ಬಂದ ಕೂಡಲೇ ಮುಗ್ಗರಿಸಿದಳು. ಅವಳಿಗೊಬ್ಬ ಮಾಸ್ತರು ಬೇಕಿತ್ತು.

ಮೊದಲು ಸೇರಿಸಿದ್ದು ಮನೆ ಹತ್ತಿರದ ಒಂದು ಕ್ಲಾಸಿಗೆ. 2022ರ ಜೂನ್, ವರ್ಷದ ಫೀ 18,000 ರೂಪಾಯಿ ಮುಂಗಡವಾಗಿ ಕೊಟ್ಟೆ. ಒಂದೇ ಕೋಣೆಯಲ್ಲಿ ನಲವತ್ತಕ್ಕಿಂತ ಜಾಸ್ತಿ ಮಕ್ಕಳು. ಬೋರ್ಡ್ ಮೇಲಿನ ಲೆಕ್ಕವನ್ನು ನೀಟಾಗಿ ಬರೆದುಕೊಂಡು ಬರುತ್ತಿದ್ದಳು. ಅದನ್ನೇ ಅಂಕಿ ಬದಲಿಸಿ ಕೊಟ್ಟರೆ ಸುಮ್ನೆ ಕೂರುತ್ತಿದ್ದಳು. ನವೆಂಬರ್‌ನಲ್ಲಿ ಬಿಡಿಸಿದೆ. ಉಳಿದ ಫೀ ವಾಪಸ್ ಬರಲಿಲ್ಲ. ಮುಂಗಡ ಕೊಡುವ ಮೊದಲು ಅದನ್ನು ಕೇಳಬೇಕಿತ್ತು, ಕೇಳಲಿಲ್ಲ.

ಆಮೇಲೆ ಸಿಕ್ಕವರು ಈಗಿನ ಸರ್. ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಆರೂವರೆಗೆ ಬರುತ್ತಾರೆ, ಒಂದು ತಾಸು. ತಿಂಗಳಿಗೆ 2,500ರಿಂದ ಶುರುವಾಗಿ ಹತ್ತನೇ ತರಗತಿಯಲ್ಲಿ 3,500 ಆಯಿತು. ನಮ್ಮಂಥವರಿಗೆ ಇದು ಕಡಿಮೆ ದುಡ್ಡಲ್ಲ.

ಮೊದಲ ದಿನ ಅವರು ಪುಸ್ತಕ ತೆಗೆಯಲೇ ಇಲ್ಲ. ಒಂದು ಹಾಳೆಯಲ್ಲಿ ಹತ್ತು ಭಿನ್ನರಾಶಿ ಲೆಕ್ಕಗಳನ್ನು ಇಂಗ್ಲಿಷ್‌ನಲ್ಲಿ ಬರೆದುಕೊಟ್ಟರು. ನಾಲ್ಕು ಸರಿ. ಅವೇ ಲೆಕ್ಕಗಳನ್ನು ಕನ್ನಡದಲ್ಲಿ ಕೇಳಿದರು. ಒಂಬತ್ತು ಸರಿ! "ಅಕ್ಕಾರ, ಹುಡುಗಿಗೆ ಲೆಕ್ಕ ಬರ್ತದರೀ. ಲೆಕ್ಕದ ಹೆಸರು ಬರಂಗಿಲ್ಲ" ಅಂದರು. ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ಎಂಟರಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವರು ನಾವೇ. ಛೇದ, ಲಂಬ, ಕರ್ಣ, ಲಸಾಅ ಎಲ್ಲ ಗೊತ್ತಿದ್ದ ಹುಡುಗಿಗೆ ಡಿನಾಮಿನೇಟರ್, ಪರ್ಪೆಂಡಿಕ್ಯುಲರ್, ಹೈಪೊಟೆನ್ಯೂಸ್, ಎಲ್‌ಸಿಎಂ ಅಂದರೆ ಹೊಸ ಊರಿಗೆ ಬಂದ ಹಾಗೆ. ಕ್ಲಾಸಿನಲ್ಲಿ ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ. ಅವಳೂ ನಾಚಿಕೆಗೆ ಕೇಳಿರಲಿಲ್ಲ.

ಸರ್ ಒಂದು ಇನ್ನೂರು ಪುಟದ ನೋಟ್‌ಬುಕ್ ತರಿಸಿದರು. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಚಿತ್ರ. ದಿನಕ್ಕೆ ಐದೇ ಪದ. ಜೊತೆಗೆ ಮಗ್ಗಿ. ಇದಕ್ಕೆ ನಮ್ಮ ಮಾವನವರೂ ಸೇರಿಕೊಂಡರು. ಈ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ ಶಾಲೆಗೆ ಹೋದವರು ಅವರು. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿ ಇವತ್ತಿಗೂ ಬಾಯಲ್ಲೇ ಇದೆ. "ಹದಿನೇಳರ ಮುಕ್ಕಾಲು ಎಷ್ಟು?" ಅಂತ ಚಹಾ ಕುಡಿಯುತ್ತಾ ಕೇಳಿ, ಮೊಮ್ಮಗಳು ಪೆನ್ನು ಹುಡುಕುವಷ್ಟರಲ್ಲಿ ಹನ್ನೆರಡೂ ಮುಕ್ಕಾಲು ಅಂತ ತಾವೇ ಹೇಳಿಬಿಡುತ್ತಿದ್ದರು.

ಒಂದು ಲೆಕ್ಕ ನನಗೆ ಚೆನ್ನಾಗಿ ನೆನಪಿದೆ. ಗೋಳಗುಮ್ಮಟದ ಒಳಗಿನ ಡಯಾಮೀಟರ್ ಸುಮಾರು 38 ಮೀಟರ್, ಪೂರ್ತಿ ಅರ್ಧಗೋಳ ಅಂತ ಹಿಡಿ, ಒಳಗೆ ಸುಣ್ಣ ಬಳಿಯೋಕೆ ಎಷ್ಟು ಚದರ ಮೀಟರ್ ಅಂತ ಕೇಳಿದರು. ಇವಳು ಡಯಾಮೀಟರನ್ನೇ ರೇಡಿಯಸ್ ಅಂದುಕೊಂಡು 9,000 ದಾಟಿಸಿದಳು. ಸರಿಯುತ್ತರ 2,269ರ ಹತ್ತಿರ. ಸರ್ ಬೈಯಲಿಲ್ಲ. "ತಂಗಿ, ನಾಕು ಗುಮ್ಮಟಕ್ಕ ಸುಣ್ಣ ಹಚ್ಚೀದಿ ನೋಡು" ಅಂದರು. ಆಮೇಲೆ ಆ ತಪ್ಪು ಅವಳು ಮಾಡಿದ್ದು ನಾನು ನೋಡಿಲ್ಲ.

ಅಂಕ ಬೇಗ ಏರಲಿಲ್ಲ. ಎಂಟನೇ ತರಗತಿ ಪೂರ್ತಿ ಹೀಗೇ ಹೋಯಿತು. ಮನೆಯವರು "ದುಡ್ಡು ದಂಡ" ಅಂತ ಎರಡು ಸಲ ಅಂದರು. ಒಂಬತ್ತರ ಮಧ್ಯದಲ್ಲಿ ಬದಲಾವಣೆ ಕಂಡಿತು. 2025ರ ಮಾರ್ಚ್‌ನ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ 80ಕ್ಕೆ 63 ತೆಗೆದಳು, ಆಂತರಿಕ ಅಂಕ ಬೇರೆ. ರ‍್ಯಾಂಕ್ ಕೊಡಿಸುವ ಟ್ಯೂಷನ್ ಅಲ್ಲ ಇದು. ಅದನ್ನು ಹುಡುಕುವವರು ಬೇರೆ ಕಡೆ ನೋಡಿ.

ದೂರುಗಳೂ ಇವೆ. ಲಗ್ನದ ಸೀಸನ್‌ನಲ್ಲಿ ಸರ್ ಕೈಗೆ ಸಿಗುವುದಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದರೆ ಇಡೀ ವಾರ ನಾಪತ್ತೆ. ಹತ್ತನೇ ತರಗತಿಯವರಿಗೆ ಜನವರಿಯಲ್ಲಿ ಒಂದು ವಾರ ಅಂದರೆ ಸಣ್ಣದಲ್ಲ, ಅಲ್ವಾ? ತಪ್ಪಿದ ತರಗತಿಗಳನ್ನು ತುಂಬಿಕೊಟ್ಟರು ಅನ್ನಿ, ಆದರೆ ನಾನೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ ತೋರಿಸಿದ ಮೇಲೆ. ಇನ್ನೊಂದು, ಅವರ ತಲೆ ಓಡುವಷ್ಟು ಜೋರಾಗಿ ಕೈಯೂ ಓಡುತ್ತದೆ. ನಡುವಿನ ಹಂತ ಹಾರಿಸಿಬಿಡುತ್ತಾರೆ. ಬೋರ್ಡ್ ಪರೀಕ್ಷೆಯಲ್ಲಿ ಹಂತಕ್ಕೂ ಅಂಕ ಇರುತ್ತದೆ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಸಾಲು ಸಾಲಾಗಿ ಬರೆಯುವುದನ್ನು ಕೊನೆಗೆ ಶಾಲೆಯ ಟೀಚರ್ ಹತ್ತಿರವೇ ಕಲಿತಳು.

ಮಗ ಈಗ ಆರನೇ ತರಗತಿ. ಅವನಿಗೂ ಹೇಳಿಕೊಡಿ ಅಂತ ಕೇಳಿದೆ. ಎರಡು ದಿನ ಕೂರಿಸಿ ನೋಡಿ, "ಇವಗ ಈಗ ಟ್ಯೂಷನ್ ಬ್ಯಾಡ್ರೀ, ರೊಕ್ಕ ಉಳಸ್ರಿ. ಅಕ್ಕನ ನೋಟ್‌ಬುಕ್ ಕೊಡ್ರಿ ಸಾಕು" ಅಂದರು. ಆ ನೋಟ್‌ಬುಕ್ಕನ್ನು ಪಕ್ಕದ ಮನೆ ಹುಡುಗಿ ಒಯ್ದು ನಾಲ್ಕು ತಿಂಗಳಾಯಿತು. ಇನ್ನೂ ವಾಪಸ್ ಬಂದಿಲ್ಲ.